ಸೈಕಲ್, ಓಟ, ವೇಗ ಇದನ್ನೇ ಬರೆದು ಹೊರದೇಶದಲ್ಲಿ ಹೆಸರು ಮಾಡಿದ ಕಲಾವಿದೆಯರು ಇದ್ದಾರಾ?

ಪ್ರಶ್ನೆ: ನಂದಿಬೆಟ್ಟದ ಬುಡದವಳು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದ ಹತ್ತಿರ ನಂದಿ ಗ್ರಾಮದವಳು. ಪೇಂಟಿಂಗ್ ಕಲಿತು ಮನೆಯಲ್ಲೇ ಚಿತ್ರ ಬರೆಯುತ್ತೇನೆ. ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಬೆಂಗಳೂರಿನ ಸೈಕಲ್‌ನವರು ಗುಂಪುಗುಂಪಾಗಿ ಬೆಟ್ಟ ಹತ್ತೋಕೆ ಬರುತ್ತಾರೆ. ನಾನು ಬರೆಯೋದು ಅವರನ್ನೇ. ಏರಿನ ತಿರುವಿನಲ್ಲಿ ಸೀಟು ಬಿಟ್ಟು ಎದ್ದು ತುಳಿಯುವಾಗ ಮೀನಖಂಡ ಕಲ್ಲಿನಂತೆ ಬಿಗಿದಿರುತ್ತದೆ. ಇಳಿಯುವಾಗ ಅದೇ ಮನುಷ್ಯ ಹ್ಯಾಂಡಲ್ ಮೇಲೆ ಬಗ್ಗಿ ಬರುತ್ತಾನೆ, ಬೆನ್ನ ಮೇಲೆ ಜರ್ಸಿ ಪಟಪಟ ಅನ್ನುತ್ತದೆ. ಮುಖ ನೋಡುವಷ್ಟರಲ್ಲಿ ಹೋಗಿಬಿಟ್ಟಿರುತ್ತಾನೆ.

ಒಂದು ಪ್ರದರ್ಶನಕ್ಕೆ ಈ ಚಿತ್ರಗಳನ್ನು ಕೊಟ್ಟಿದ್ದೆ. "ನಿಮ್ಮ ಕಡೆ ದ್ರಾಕ್ಷಿ ತೋಟ, ರೇಷ್ಮೆ ಗೂಡು ಇದೆಯಲ್ಲಮ್ಮ, ಅದನ್ನು ಬರೀರಿ" ಅಂತ ವಾಪಸ್ ಕೊಟ್ಟರು. ದ್ರಾಕ್ಷಿ ತೋಟ ನನಗೂ ಇಷ್ಟವೇ. ಆದರೆ ಕೈ ಹೋಗೋದು ಸೈಕಲ್ ಕಡೆಗೆ. ಇದನ್ನೇ ಹಿಡಿದು ಗಟ್ಟಿಯಾಗಿ ನಿಂತ ಹೆಣ್ಣುಮಕ್ಕಳು ಯಾರಾದರೂ ಇದ್ದಾರಾ? ಇನ್ನೊಂದು ಸಮಸ್ಯೆ. ಚಕ್ರವನ್ನು ಎಷ್ಟೇ ಮಸುಕು ಮಾಡಿದರೂ ನನ್ನ ಸೈಕಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೇ ಕಾಣುತ್ತದೆ. ಏನು ಮಾಡಲಿ?

ಉತ್ತರ: ಡ್ರಾಯಿಂಗ್ ಮೇಷ್ಟ್ರು, ತುಮಕೂರು

ಇದ್ದಾರಮ್ಮ. ಮೊದಲು ಸಿಬಿಲ್ ಆಂಡ್ರೂಸ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1898ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಮೊದಲನೇ ಮಹಾಯುದ್ಧದಲ್ಲಿ ವಿಮಾನದ ಭಾಗಗಳಿಗೆ ವೆಲ್ಡಿಂಗ್ ಮಾಡಿದ ಕೈ ಅದು. ಆಮೇಲೆ ಲಂಡನ್ನಿನ ಗ್ರೋವ್‌ನರ್ ಕಲಾಶಾಲೆಯಲ್ಲಿ ಕ್ಲಾಡ್ ಫ್ಲೈಟ್ ಎಂಬ ಮೇಷ್ಟ್ರ ಹತ್ತಿರ ಲಿನೋ ಅಚ್ಚು ಕಲಿತರು. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯನ್ನೇ ಕೊರೆದು, ಬಣ್ಣ ಹಚ್ಚಿ, ಕಾಗದದ ಮೇಲೆ ಒತ್ತುವ ಕೆಲಸ. ದುಬಾರಿ ಸಾಮಾನು ಬೇಡ, ಛತ್ರಿ ಕಡ್ಡಿಯಿಂದಲೇ ಉಳಿ ಮಾಡಿಕೊಳ್ಳಬಹುದು ಅಂತ ಫ್ಲೈಟ್ ಹೇಳಿಕೊಡುತ್ತಿದ್ದರು. ಈ ಮಾತು ನನಗೆ ತುಂಬಾ ಇಷ್ಟ. ನಮ್ಮ ಮಕ್ಕಳಿಗೂ ಹೇಳುತ್ತಿರುತ್ತೇನೆ.

ಅವರ 1934ರ 'ಸ್ಪೀಡ್‌ವೇ' ನೋಡಿ. ಬೈಕ್ ರೇಸಿನವರು ಒಬ್ಬರ ಹಿಂದೆ ಒಬ್ಬರು ಓರೆಯಾಗಿ ನುಗ್ಗಿ ಬರುತ್ತಾರೆ. ಮಸುಕು ಅನ್ನೋದೇ ಇಲ್ಲ, ಎಲ್ಲ ಅಂಚೂ ಚೂಪು. ಒಬ್ಬನ ಬೆನ್ನಿನ ಬಾಗು ಇನ್ನೊಬ್ಬನಲ್ಲಿ ಮತ್ತೆ ಬರುತ್ತದೆ. ಕಣ್ಣು ಒಂದರಿಂದ ಒಂದಕ್ಕೆ ಜಾರುತ್ತದೆ, ವೇಗ ಅಲ್ಲಿ ಹುಟ್ಟುತ್ತದೆ. ನಿಮ್ಮ ಚಕ್ರದ ತೊಂದರೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ಚಕ್ರ ಬಿಡಿ, ಬೆನ್ನು ಹಿಡಿಯಿರಿ.

ಸಿರಿಲ್ ಪವರ್ ಎಂಬ ಕಲಾವಿದರ ಜೊತೆ ಸೇರಿ 'ಆಂಡ್ರೂ ಪವರ್' ಅನ್ನೋ ಹೆಸರಿನಲ್ಲಿ ಲಂಡನ್ ಸಾರಿಗೆಯವರಿಗೆ ವಿಂಬಲ್ಡನ್, ಕುದುರೆ ರೇಸು ಇಂಥ ಪೋಸ್ಟರ್‌ಗಳನ್ನೂ ಮಾಡಿಕೊಟ್ಟರು. 1947ರಲ್ಲಿ ಕೆನಡಾಕ್ಕೆ ಹೋಗಿ ಕ್ಯಾಂಪ್‌ಬೆಲ್ ರಿವರ್ ಎಂಬ ಊರಿನಲ್ಲಿ ನೆಲೆಸಿದರು. 1992ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರ ಕೆಲಸದ ದೊಡ್ಡ ಸಂಗ್ರಹ ಕ್ಯಾಲ್ಗರಿಯ ಗ್ಲೆನ್‌ಬೋ ಮ್ಯೂಸಿಯಂನಲ್ಲಿದೆ.

ಉತ್ತರ: ಸೈಕಲ್ ಸವಾರ, ಕೋಲಾರ

ನನಗೆ ಚಿತ್ರಕಲೆ ಗೊತ್ತಿಲ್ಲ ಅಕ್ಕ, ನಂದಿ ಇಳಿಜಾರು ಗೊತ್ತು. ತಿರುವಿನಲ್ಲಿ ನಾವು ಪೆಡಲ್ ತುಳಿಯೋದೇ ಇಲ್ಲ. ಎಡಕ್ಕೆ ತಿರುಗುವಾಗ ಬಲಗಾಲು ಪೂರ್ತಿ ಕೆಳಗೆ, ಮೈಭಾರವೆಲ್ಲ ಆ ಕಾಲಿನ ಮೇಲೆ. ಸೈಕಲ್ ಒಳಕ್ಕೆ ವಾಲುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ ಇರುತ್ತದೆ. ಎರಡು ಬೆರಳು ಬ್ರೇಕ್ ಮೇಲೆ. ಇಳಿಯುವವರ ಎರಡೂ ಪೆಡಲ್ ತಿರುವಿನಲ್ಲಿ ಸಮವಾಗಿ ಬರೆದರೆ ನಮಗೆ ತಕ್ಷಣ ಗೊತ್ತಾಗುತ್ತೆ, ಇವನು ಓಡುತ್ತಿಲ್ಲ ಅಂತ.

ಉತ್ತರ: ಚಿಂತಾಮಣಿ ಹುಡುಗಿ

ಲಾರಾ ನೈಟ್ ಅವರನ್ನೂ ಸೇರಿಸಿ. ಆಗ ಒಲಿಂಪಿಕ್ಸ್‌ನಲ್ಲಿ ಚಿತ್ರಕಲೆಗೂ ಪದಕ ಇತ್ತು, 1912ರಿಂದ 1948ರವರೆಗೆ. ವಿಷಯ ಮಾತ್ರ ಕ್ರೀಡೆಯೇ ಆಗಿರಬೇಕಿತ್ತು. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಾಕ್ಸಿಂಗ್ ಚಿತ್ರಕ್ಕೆ ಅವರಿಗೆ ಬೆಳ್ಳಿ ಬಂತು. ಇಟಲಿಯ ಬೆನೆಡೆಟ್ಟಾ 1920ರ ದಶಕದಲ್ಲೇ ಮೋಟಾರ್ ದೋಣಿಯ ವೇಗ ಬರೆದಿದ್ದಾರೆ, ನೀರೆಲ್ಲ ಗೆರೆಗೆರೆಯಾಗಿ ಸೀಳಿ ಹೋಗಿರುತ್ತದೆ. ಆಟದ ಚಿತ್ರ ಕಲೆಯಲ್ಲ ಅಂದವರಿಗೆ ಇವನ್ನು ತೋರಿಸಿ ಅಕ್ಕ.

ನಂದಿಬೆಟ್ಟದ ಬುಡದವಳು

ಎಲ್ಲರಿಗೂ ಥ್ಯಾಂಕ್ಸ್. 'ಸ್ಪೀಡ್‌ವೇ' ನೋಡಿದೆ ಸರ್, ಮೈ ಜುಮ್ ಅಂತು. ಕೋಲಾರದ ತಮ್ಮ ಹೇಳಿದ್ದು ನಿಜ. ನನ್ನ ಚಿತ್ರಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಪೆಡಲ್ ಸಮ! ಈ ಭಾನುವಾರ ಕಾಲು ಮತ್ತು ಬೆನ್ನು ಮಾತ್ರ ಸ್ಕೆಚ್ ಮಾಡುತ್ತೇನೆ. ಲಿನೋ ಕೂಡ ಶುರು ಮಾಡಬೇಕು. ಹಾಳೆ ತುಂಬಾ ಗಟ್ಟಿ, ಉಳಿ ಜಾರುತ್ತೆ ಅಂತಾರಲ್ಲ ಸರ್?

ಡ್ರಾಯಿಂಗ್ ಮೇಷ್ಟ್ರು, ತುಮಕೂರು

ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ಮೆತ್ತಗಾಗುತ್ತದೆ. ಹಿಡಿದ ಕೈಯನ್ನು ಉಳಿಯ ಮುಂದೆ ಇಡಬೇಡಿ, ಯಾವಾಗಲೂ ಹಿಂದೆಯೇ ಇರಲಿ. ಪ್ರೆಸ್ ಇಲ್ಲದಿದ್ದರೂ ಚಿಂತೆಯಿಲ್ಲ, ತೆಳು ಕಾಗದ ಹಾಕಿ ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಏಳುತ್ತದೆ. ಮೊದಲನೆಯದು ಒಂದೇ ಬಣ್ಣದಲ್ಲಿ ಮಾಡಿ, ಆದಮೇಲೆ ಇಲ್ಲೇ ಹಾಕಿ.