ಪುಟ್ಟ ಮೈಕ್ರೊಕಂಟ್ರೋಲರ್‌ಗೆ ಅಸೆಂಬ್ಲಿಯೋ, ಸಿ ಭಾಷೆಯೋ? ಬಳಸಿದವರು ತಿಳಿಸಿ

ಪ್ರಶ್ನೆ: 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್ ಇರುವ ಎಟಿಮೆಗಾ328 ಚಿಪ್‌ನಲ್ಲಿ ಮೋಟಾರ್ ನಿಯಂತ್ರಣದ ಪ್ರೋಗ್ರಾಂ ಬರೆಯಬೇಕಾಗಿದೆ. ಚಿಪ್‌ನ ಒಂದೊಂದು ಆದೇಶವನ್ನೂ ನಾವೇ ಬರೆಯುವ ಅಸೆಂಬ್ಲಿಯಲ್ಲಿ ಬರೆಯಲೇ, ಕಂಪೈಲರ್ ಎಂಬ ಪ್ರೋಗ್ರಾಂ ಆ ಆದೇಶಗಳಾಗಿ ಬದಲಿಸಿಕೊಡುವ ಸಿಯಲ್ಲಿ ಬರೆಯಲೇ? ಅನುಭವ ಇದ್ದವರು ದಯವಿಟ್ಟು ಹಂಚಿಕೊಳ್ಳಿ.

ಹಳೆಯ ಫ್ಲ್ಯಾಗ್: ಇದೇ ಚಿಪ್‌ಗೆ ನಾನು 6,000 ಸಾಲು ಅಸೆಂಬ್ಲಿ ಬರೆದಿದ್ದೆ. ಎರಡು ಮೂರು ದಿನಕ್ಕೊಮ್ಮೆ ಯಂತ್ರ ತಪ್ಪು ದಾರಿ ಹಿಡಿಯುತ್ತಿತ್ತು. ಡಿಬಗರ್ (ದೋಷ ಹುಡುಕುವ ಸಾಧನ) ಹಾಕಿ ಒಂದೊಂದೇ ಹೆಜ್ಜೆ ನಡೆಸಿದರೆ ಎಲ್ಲವೂ ಸರಿಯಾಗಿರುತ್ತಿತ್ತು. 19 ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು: ಮುಖ್ಯ ಲೂಪ್‌ನಲ್ಲಿ ಸಿಪಿ ಇನ್‌ಸ್ಟ್ರಕ್ಷನ್ ಹೋಲಿಕೆ ಮುಗಿಸಿ, ಅದರ ಫಲವನ್ನು, ಸಮವಲ್ಲದಿದ್ದರೆ ಬೇರೆಡೆಗೆ ಜಿಗಿಸುವ ಬಿಆರ್‌ಎನ್‌ಇ ನೋಡುವ ಮೊದಲೇ ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಬೇರೆ ರೂಟೀನ್‌ಗೆ ಕಳಿಸುವ ಕರೆ) ಬಂದರೆ, ಹೋಲಿಕೆಯ ಫಲದ ಗುರುತುಗಳಿರುವ ಎಸ್‌ಆರ್‌ಇಜಿ ರಿಜಿಸ್ಟರನ್ನು ಉಳಿಸಿಕೊಳ್ಳದ ನನ್ನ ರೂಟೀನ್ ಸಮವೋ ಅಲ್ಲವೋ ಎಂದು ತಿಳಿಸುವ ಝೀರೋ ಫ್ಲ್ಯಾಗನ್ನೇ ಬದಲಿಸಿಬಿಡುತ್ತಿತ್ತು. ಸಿ ಕಂಪೈಲರ್ ಅದನ್ನು ತಾನಾಗಿಯೇ ಉಳಿಸಿ ಮರಳಿಸುತ್ತದೆ. ಮರುವರ್ಷ ಬೇರೆಯೇ ಇನ್‌ಸ್ಟ್ರಕ್ಷನ್‌ಗಳಿರುವ ಆರ್ಮ್ ಚಿಪ್‌ಗೆ ಹೋಗಬೇಕಾಗಿ ಬಂದಾಗ ಆ 6,000 ಸಾಲುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ವೆಕ್ಟರ್: ಎಸ್‌ಆರ್‌ಇಜಿ ಉಳಿಸುವುದು ಪ್ರೋಗ್ರಾಂ ಬರೆಯುವವರ ಹೊಣೆ ಎಂದು ಚಿಪ್ ತಯಾರಕರ ವಿವರಪತ್ರವಾದ ಡೇಟಾಶೀಟಿನಲ್ಲೇ ಇದೆ. ಓದದೆ ಮಾಡಿದ ತಪ್ಪನ್ನು ಭಾಷೆಯ ತಲೆಗೆ ಕಟ್ಟಬೇಡಿ. ನನ್ನದು ಚಿತ್ರಗಳ ಕೆಲಸ: ಎರಡು ಚಿತ್ರಗಳ ಪಿಕ್ಸೆಲ್‌ಗಳನ್ನು ಕೂಡಿಸಿ, ಮೊತ್ತ 255 ಮೀರಿದರೆ 255ಕ್ಕೇ ನಿಲ್ಲಿಸಬೇಕಿತ್ತು. ಸಿಯಲ್ಲಿ ಬರೆದ ಲೂಪ್ ಒಂದೊಂದೇ ಬೈಟ್ ಎತ್ತಿಕೊಳ್ಳುತ್ತಿತ್ತು. ಅಸೆಂಬ್ಲಿಯಲ್ಲಿ ಬರೆದರೆ, ಕಂಪ್ಯೂಟರ್ ಪ್ರೊಸೆಸರ್‌ನ ಎವಿಎಕ್ಸ್2 ಎಂಬ ಇನ್‌ಸ್ಟ್ರಕ್ಷನ್ ಗುಂಪಿನ ಒಂದೇ ಇನ್‌ಸ್ಟ್ರಕ್ಷನ್ 32 ಬೈಟ್‌ಗಳನ್ನು ಒಟ್ಟಿಗೆ ಕೂಡಿ ನಿಲ್ಲಿಸುತ್ತದೆ. ಕಷ್ಟ ನನಗೂ ಬಂತು. ಸಾಲಿನ ಕೊನೆಯಲ್ಲಿ 32ಕ್ಕಿಂತ ಕಡಿಮೆ ಉಳಿದಾಗ ಬಫರ್ (ಚಿತ್ರಕ್ಕೆ ಮೀಸಲಾದ ಮೆಮೊರಿ) ದಾಟಿ ಓದುತ್ತಿದ್ದೆ. ಬಫರ್ ಮೆಮೊರಿ ಪುಟದ ಅಂಚಿಗೆ ಬಿದ್ದ ದಿನ ಮಾತ್ರ ಪ್ರೋಗ್ರಾಂ ಕುಸಿಯುತ್ತಿದ್ದುದರಿಂದ ಅದನ್ನು ಹುಡುಕಲು 11 ದಿನ ಹಿಡಿಯಿತು. ಆದರೂ ಆ ಲೂಪಿನ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಕೌಂಟರ್: ಆ ಪಾಯಿಂಟರ್‌ಗಳಿಗೆ (ಚಿತ್ರಗಳ ಮೆಮೊರಿ ಜಾಗ ತೋರಿಸುವವು) ರಿಸ್ಟ್ರಿಕ್ಟ್, ಅಂದರೆ ಅವು ಒಂದೇ ಜಾಗವನ್ನು ತೋರಿಸುವುದಿಲ್ಲ ಎಂಬ ಭರವಸೆಯ ಪದ, ಹಾಕಿ ನೋಡಿದ್ದಿರಾ? ಎರಡೂ ಒಂದೇ ಜಾಗವನ್ನು ತೋರಿಸಬಹುದೆಂಬ ಶಂಕೆಯಿದ್ದರೆ ಹಲವು ಬೈಟ್‌ಗಳನ್ನು ಒಟ್ಟಿಗೆ ಕೂಡಲು ಕಂಪೈಲರ್ ಹಿಂಜರಿಯುತ್ತದೆ. ಅದನ್ನು ಪರೀಕ್ಷಿಸದೆ ಕಂಪೈಲರನ್ನು ದೂರುವವರು ಇನ್ನೊಬ್ಬರಿಗೆ ಡೇಟಾಶೀಟ್ ಓದಿ ಎನ್ನಬಾರದು. ಹಾಗೆಂದು ಸಿ ನನ್ನನ್ನೂ ಕಾಪಾಡಲಿಲ್ಲ. 8 ಬಿಟ್ ಚಿಪ್ 16 ಬಿಟ್ ಸಂಖ್ಯೆಯನ್ನು ಎರಡು ಸಲಕ್ಕೆ ಓದುತ್ತದೆ. ಕೆಳಗಿನ ಬೈಟ್ ಓದಿ ಮುಗಿದೊಡನೆ ಇಂಟರಪ್ಟ್ ಬಂದು ಎಣಿಕೆ 255ರಿಂದ 256ಕ್ಕೆ ಏರಿದರೆ ಹಳೆಯ ಕೆಳಗಿನ ಬೈಟ್ (255) ಮತ್ತು ಹೊಸ ಮೇಲಿನ ಬೈಟ್ (256) ಸೇರಿ ನನಗೆ ಸಿಗುತ್ತಿದ್ದದ್ದು 511, ಮತ್ತು ಮೋಟಾರ್ ಎಳೆದಂತೆ ಜಗ್ಗುತ್ತಿತ್ತು. ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳುವ ವಾಲಟೈಲ್ ಪದ ಬರೆದಿದ್ದರೂ ಪ್ರಯೋಜನವಾಗಲಿಲ್ಲ. ಓದುವಷ್ಟು ಹೊತ್ತು ಇಂಟರಪ್ಟ್ ತಡೆದ ಮೇಲೆಯೇ ಸರಿಹೋಯಿತು.

ವೆಕ್ಟರ್: ರಿಸ್ಟ್ರಿಕ್ಟ್ ಹಾಕಿಯೇ ಅಳೆದಿದ್ದೆ, ಕೇಳದೆ ತೀರ್ಪು ಕೊಡಬೇಡಿ. ನಿಮ್ಮ 511 ಹುಟ್ಟಿದ್ದು ಎಲ್ಲಿ ಎಂಬುದು ಗೊತ್ತಾದದ್ದಾದರೂ ಕಂಪೈಲರ್ ಕೊಟ್ಟ ಅಸೆಂಬ್ಲಿಯಲ್ಲಿ, ಮೆಮೊರಿಯಿಂದ ಒಂದೊಂದು ಬೈಟ್ ಓದುವ ಎರಡು ಎಲ್‌ಡಿಎಸ್ ಸಾಲುಗಳನ್ನು ಕಂಡಾಗಲೇ ಅಲ್ಲವೇ? ಇಷ್ಟು ಯಂತ್ರಕ್ಕೆ ಅಂಟಿಕೊಂಡಿರುವ ಸಿಯನ್ನು ಮೇಲ್ಮಟ್ಟದ ಭಾಷೆ ಎನ್ನಲು ನಾನು ಒಪ್ಪುವುದಿಲ್ಲ.

ಹಳೆಯ ಫ್ಲ್ಯಾಗ್: ಒಪ್ಪದಿದ್ದರೆ ಬಿಡಿ. 1973ರಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲನ್ನು ಅಸೆಂಬ್ಲಿಯಿಂದ ಸಿಗೆ ತಂದದ್ದರಿಂದಲೇ ಅದು ಪಿಡಿಪಿ-11 ಕಂಪ್ಯೂಟರ್ ಬಿಟ್ಟು ಬೇರೆ ಯಂತ್ರಗಳನ್ನು ಸೇರುವುದು ಸುಲಭವಾಯಿತು. ನನ್ನ 6,000 ಸಾಲುಗಳಿಗೆ ಆ ಭಾಗ್ಯ ಇರಲಿಲ್ಲ. ಅಸೆಂಬ್ಲಿಯನ್ನು ಓದಲು ಬರಬಾರದೆಂದು ನಾನು ಎಲ್ಲಿ ಹೇಳಿದೆ?