ಹಿಪೊಕ್ಯಾಂಪಸ್‌ನ ತಡೆ ಕೋಶಗಳು: ಒಂದೇ ಬಗೆ ಸಾಲದಾ?

ಬಯಾಲಜಿ ಮೇಡಂ
ನಾನು ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ವಾರ ಸಿನಾಪ್ಸ್, ಅಂದರೆ ನರಕೋಶಗಳು ಕೂಡುವ ಜಾಗದ ಪಾಠ. ಕೆಲವು ನರಕೋಶಗಳು ಮುಂದಿನ ಕೋಶವನ್ನು ಕೆರಳಿಸುತ್ತವೆ, ಕೆಲವು ತಡೆಯುತ್ತವೆ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಮಿಸ್, ತಡೆಯೋಕೆ ಒಂದೇ ಥರದ ಕೋಶ ಸಾಕಲ್ವಾ?" ಅಂದ. ಸಾಕು, ಕೂತ್ಕೋ ಅಂದುಬಿಟ್ಟೆ. ಮನೆಗೆ ಬಂದು ಓದಿದರೆ, ನೆನಪಿಗೆ ಬೇಕಾದ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಸಿಎ1 ಎಂಬ ತುಣುಕು ಒಂದರಲ್ಲೇ 20ಕ್ಕೂ ಜಾಸ್ತಿ ಬಗೆ ಗುರುತಿಸಿದ್ದಾರೆ! ಯಾಕೆ ಇಷ್ಟೊಂದು? ಎಲ್ಲವೂ ಸುರಿಸುವುದು ಗಾಬಾ ಅನ್ನೋ ಅದೇ ತಡೆ ರಾಸಾಯನಿಕ ಅಲ್ವಾ?

ಹಳೇ ಪೈಪೆಟ್
ಮೇಡಂ, ಆ ಹುಡುಗನಿಗೆ ನನ್ನದೊಂದು ಶಭಾಷ್ ಹೇಳಿ. ಇಲಿಯ ಹಿಪೊಕ್ಯಾಂಪಸ್ ಹೋಳುಗಳ ಮುಂದೆ ಐದು ವರ್ಷ ಕೂತವನು ನಾನು. ಗಾಬಾ ಒಂದೇ, ನಿಜ. ಅದು ಬೀಳುವ ಜಾಗ ಬೇರೆ ಬೇರೆ.

ಪಿರಮಿಡ್ ಕೋಶವನ್ನು, ಅಂದರೆ ಅಲ್ಲಿನ ಮುಖ್ಯ ಕೆರಳಿಸುವ ಕೋಶವನ್ನು, ಒಂದು ಕೆರೆ ಅಂದುಕೊಳ್ಳಿ. ಸಂಕೇತ ಒಳಗೆ ತರುವ ಕವಲುಗಳಾದ ಡೆಂಡ್ರೈಟ್‌ಗಳು ನೀರು ತರುವ ಹಳ್ಳಗಳು. ಸಂಕೇತ ಹೊರಗೆ ಒಯ್ಯುವ ಎಳೆಯಾದ ಆಕ್ಸಾನ್ ಶುರುವಾಗುವ ಜಾಗ ತೂಬು. ತಡೆ ಕೋಶಗಳಲ್ಲಿ ಶಾಂಡಲಿಯರ್ ಕೋಶ ನೇರ ತೂಬಿಗೇ ಕೈ ಹಾಕುತ್ತದೆ. ಬಾಸ್ಕೆಟ್ ಕೋಶ ಪಿರಮಿಡ್ ಕೋಶದ ಮೈಯನ್ನೇ ಸುತ್ತಿಕೊಳ್ಳುತ್ತದೆ. ಓ-ಎಲ್‌ಎಂ ಕೋಶದ್ದು ಬೇರೆಯೇ ದಾರಿ. ಅದರ ಮೈ ಓರಿಯೆನ್ಸ್ ಪದರದಲ್ಲಿರುತ್ತದೆ. ಆಕ್ಸಾನ್ ಮಾತ್ರ ಪಿರಮಿಡ್ ಕೋಶಗಳ ಸಾಲು ದಾಟಿ, ಡೆಂಡ್ರೈಟ್‌ಗಳ ತುತ್ತತುದಿಗೆ ಹೋಗುತ್ತದೆ. ಪಕ್ಕದ ಮೆದುಳಿನ ಭಾಗ ಎಂಟೊರೈನಲ್ ಕಾರ್ಟೆಕ್ಸ್‌ನ ಸುದ್ದಿ ಬಂದು ಸೇರುವುದು ಅಲ್ಲೇ. ಓ-ಎಲ್‌ಎಂ ಆ ಹಳ್ಳಕ್ಕೆ ಅಡ್ಡ ಕಟ್ಟುತ್ತದೆ, ಹಿಪೊಕ್ಯಾಂಪಸ್‌ನದೇ ಇನ್ನೊಂದು ತುಣುಕಾದ ಸಿಎ3ರಿಂದ ಬರುವ ಹಳ್ಳ ಹರಿಯುತ್ತಲೇ ಇರುತ್ತದೆ. ತಮಾಷೆ ಏನೆಂದರೆ, ಓ-ಎಲ್‌ಎಂ ಕೋಶವನ್ನು ಎಬ್ಬಿಸುವುದೂ ಆ ಪಿರಮಿಡ್ ಕೋಶಗಳೇ.

ಬಾಸ್ಕೆಟ್ ಕೋಶವನ್ನು ಕಣ್ಣಾರೆ ಕಂಡ ದಿನ ಮರೆತಿಲ್ಲ. 300 ಮೈಕ್ರಾನ್ ದಪ್ಪದ ಹೋಳು. ಗಾಜಿನ ಪೈಪೆಟ್‌ನಿಂದ ಕೋಶದೊಳಗೆ ಬಯೋಸೈಟಿನ್ ಎಂಬ ಗುರುತು ವಸ್ತು ಬಿಟ್ಟಿದ್ದೆ. ಆಮೇಲೆ ಕಂದು ಬಣ್ಣ ಬರಿಸಿ ನೋಡಿದರೆ, ಪಿರಮಿಡ್ ಕೋಶಗಳಿಗೆ ಬಣ್ಣವೇ ಹತ್ತಿಲ್ಲ, ಬರೀ ಖಾಲಿ ದುಂಡು ಜಾಗಗಳು. ಅವುಗಳ ಸುತ್ತ ಕಂದು ಎಳೆ. ಎಳೆಯುದ್ದಕ್ಕೂ ಸಾಸಿವೆ ಪೋಣಿಸಿದ ಹಾಗೆ ಪುಟ್ಟ ಉಬ್ಬುಗಳು. ಒಂದೇ ಕೋಶದ ಎಳೆಯಿಂದ ಬುಟ್ಟಿ ಪೂರ್ತಿ ಆಗಲ್ಲ, ಅಕ್ಕಪಕ್ಕದ ಹಲವು ಕೋಶಗಳ ಎಳೆ ಸೇರಿ ಹೆಣೆಯಬೇಕು. ಫೋಟೊ ಎರಡು ತೆಗೆದೆ. ಮೂರನೆಯದಕ್ಕೆ ಮೊದಲು ಕುಂಚದಲ್ಲಿ ಹೋಳು ಸರಿಸಲು ಹೋಗಿ ಹರಿದುಹಾಕಿದೆ.

ಗಾಮಾ ಭಟ್ಟ
ಕೆರೆ ಚೆನ್ನಾಗಿದೆ ಪೈಪೆಟ್ ಅವರೇ, ಆದರೆ ನಿಮ್ಮ ಕೆರೆಯಲ್ಲಿ ಗಡಿಯಾರ ಇಲ್ಲ. ಒಂದು ಬಾಸ್ಕೆಟ್ ಕೋಶ ಸಾವಿರಕ್ಕೂ ಜಾಸ್ತಿ ಪಿರಮಿಡ್ ಕೋಶಗಳಿಗೆ ಕೂಡಿಕೊಂಡಿರುತ್ತದೆ. ಅದು ಒಮ್ಮೆ ತಡೆದರೆ ಅಷ್ಟೂ ಒಟ್ಟಿಗೆ ಸುಮ್ಮನಾಗುತ್ತವೆ. ತಡೆ ಇಳಿದಾಗ ಒಟ್ಟಿಗೇ ಏಳುತ್ತವೆ. ಪೀಟರ್ ಸೊಮೊಗಿ ತಂಡ 1995ರಲ್ಲಿ ತೋರಿಸಿದ್ದು ಇದನ್ನೇ: ಒಂದೇ ಒಂದು ತಡೆ ಕೋಶದಿಂದ ಪಿರಮಿಡ್ ಕೋಶಗಳ ತಾಳ ಕೂಡಿಸಬಹುದು.

ಇನ್ನೊಂದು ಇದೆ. ಸಿಎ3ರಿಂದ ಬಂದ ಸಂಕೇತ ಪಿರಮಿಡ್ ಕೋಶವನ್ನೂ ಮುಟ್ಟುತ್ತದೆ, ಬಾಸ್ಕೆಟ್ ಕೋಶವನ್ನೂ ಮುಟ್ಟುತ್ತದೆ. ಬಾಸ್ಕೆಟ್ ಕೋಶದ ತಡೆ ಚೂರು ತಡವಾಗಿ ಬಂದು ಬಾಗಿಲು ಹಾಕುತ್ತದೆ. ಪಿರಮಿಡ್ ಕೋಶಕ್ಕೆ ಸಿಗುವುದು ಹೆಚ್ಚುಕಮ್ಮಿ 2 ಮಿಲಿಸೆಕೆಂಡ್. ಅಷ್ಟರಲ್ಲಿ ಬೇರೆ ಸಂಕೇತಗಳೂ ಬಂದು ಕೂಡಿಕೊಂಡರೆ ಸರಿ, ಇಲ್ಲದಿದ್ದರೆ ಬಸ್ಸು ಹೋಯಿತು. ಪುಯಿ ಮತ್ತು ಸ್ಕಾನ್ಜಿಯಾನಿ 2001ರಲ್ಲಿ ಅಳೆದಿದ್ದಾರೆ.

ಹಳೇ ಪೈಪೆಟ್
ಒಪ್ಪಿದೆ ಭಟ್ಟರೇ. ಹೋಳಿನಲ್ಲಿ ಅರ್ಧ ಆಕ್ಸಾನ್ ಕತ್ತರಿಸಿಹೋಗಿರುತ್ತದೆ. ತಾಳ ನನ್ನ ಕೈಗೆ ಸಿಗುತ್ತಲೇ ಇರಲಿಲ್ಲ.

ಬಯಾಲಜಿ ಮೇಡಂ
ಇಬ್ಬರಿಗೂ ಥ್ಯಾಂಕ್ಸ್. ಹುಡುಗ ಇನ್ನೊಂದು ಕೇಳೇ ಕೇಳುತ್ತಾನೆ: ತಡೆ ಕೋಶವನ್ನು ತಡೆಯುವವರು ಯಾರೂ ಇಲ್ವಾ?

ಹಳೇ ಪೈಪೆಟ್
ಇದ್ದಾರೆ, ಹೆಸರಿಗೆ ತಕ್ಕ ವಿಐಪಿಗಳು! ವಾಸೊಆಕ್ಟಿವ್ ಇಂಟೆಸ್ಟಿನಲ್ ಪೆಪ್ಟೈಡ್ ಇರುವ ಕೋಶಗಳಿಗೆ ಆ ಹೆಸರು. ಅವುಗಳಲ್ಲಿ ಕೆಲವು ಪಿರಮಿಡ್ ಕೋಶಗಳ ಗೋಜಿಗೆ ಹೋಗುವುದೇ ಅಪರೂಪ. ಓ-ಎಲ್‌ಎಂನಂಥ ತಡೆ ಕೋಶಗಳನ್ನೇ ಹುಡುಕಿ ಹಿಡಿಯುತ್ತವೆ. ಓ-ಎಲ್‌ಎಂ ಸುಮ್ಮನಾದರೆ ಕಟ್ಟಿದ ಅಡ್ಡ ಒಡೆದು, ಆ ಹಳ್ಳ ಮತ್ತೆ ಹರಿಯುತ್ತದೆ. ಇನ್ನು ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಇರುವ ಬಾಸ್ಕೆಟ್ ಕೋಶಗಳು ಒಂದನ್ನೊಂದು ತಡೆಯುತ್ತವೆ. ಜೊತೆಗೆ ಕೋಶದಿಂದ ಕೋಶಕ್ಕೆ ಇರುವ ಕಿರುದಾರಿಗಳಾದ ಗ್ಯಾಪ್ ಜಂಕ್ಷನ್‌ಗಳಲ್ಲಿ ನೇರವಾಗಿ ಕರೆಂಟನ್ನೂ ಹಂಚಿಕೊಳ್ಳುತ್ತವೆ.

ಬೋರ್ಡ್ ಮೇಲೆ ಚಿತ್ರ ಬರೆಯುವಾಗ ಪದರಗಳ ಹೆಸರು ಪಕ್ಕದಲ್ಲೇ ಬರೆಯಿರಿ. ಒಂದು ಪುಸ್ತಕದಲ್ಲಿ ಓರಿಯೆನ್ಸ್ ಮೇಲಿರುತ್ತದೆ, ಇನ್ನೊಂದರಲ್ಲಿ ಕೆಳಗೆ. ನನಗೆ ಮೊದಲ ವರ್ಷವೆಲ್ಲ ತಲೆಕೆಳಗೇ ಕಾಣುತ್ತಿತ್ತು.