ಆಮ್ಲಕ್ಕೆ ನೀರು ಬೆರೆಸುತ್ತಾ ಹೋದರೆ ಪಿಎಚ್ 8 ಆಗುತ್ತಾ?

ಸಿಂಧನೂರು ಪಿಯು:
ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ: 7 ತಟಸ್ಥ, ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ. 10⁻³ ಮೋಲಾರ್ (ಲೀಟರಿಗೆ 10⁻³ ಮೋಲ್) ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 3. ಇದು ಗೊತ್ತಾಯ್ತು. ಹಾಗಾದರೆ 10⁻⁸ ಮೋಲಾರ್‌ಗೆ 8 ಬರಬೇಕಲ್ವಾ? ಉತ್ತರ 6.98 ಅಂತಿದೆ. ಎರಡು ಸಂಜೆಯಿಂದ ಇದರಲ್ಲೇ ಸಿಕ್ಕಿಬಿದ್ದಿದ್ದೇನೆ. ಇನ್ನೊಂದು ವಿಷಯ. ಮಣ್ಣು ಪರೀಕ್ಷೆಯಲ್ಲಿ ನಮ್ಮ ಹೊಲದ ಪಿಎಚ್ 8.7 ಬಂತು, ಪಕ್ಕದ ಹೊಲದ್ದು 7.7. ಒಂದೇ ಅಂಕ ಜಾಸ್ತಿ ಅಲ್ವಾ ಅಂತ ಅಪ್ಪ ಸುಮ್ಮನಿದ್ದಾರೆ. ಪರೀಕ್ಷೆ ಮಾಡಿದವರು ಜಿಪ್ಸಂ ಹಾಕಿ ಅಂದಿದ್ದಾರೆ, ಅದು ಆಮ್ಲನಾ?

ಗಂಗಾವತಿ ಕೆಮಿಸ್ಟ್ರಿ:
ನೀನು ಆಮ್ಲವನ್ನು ಲೆಕ್ಕಕ್ಕೆ ಹಿಡಿದೆ, ನೀರನ್ನು ಬಿಟ್ಟೆ. 25 ಡಿಗ್ರಿಯಲ್ಲಿ ಶುದ್ಧ ನೀರಲ್ಲೇ 10⁻⁷ ಮೋಲಾರ್ ಹೈಡ್ರೋಜನ್ ಅಯಾನು ಇರುತ್ತದೆ, ನೀನು ಹಾಕಿದ ಆಮ್ಲ ಅದರ ಹತ್ತನೇ ಒಂದು ಪಾಲು ಅಷ್ಟೇ. 10⁻³ ಇದ್ದಾಗ ನೀರಿನ ಪಾಲು ಲೆಕ್ಕಕ್ಕೇ ಬರಲ್ಲ, ಅದಕ್ಕೇ ಅಲ್ಲಿ ಸರಿ ಬಂತು. ಆದರೆ ಎರಡನ್ನೂ ಸುಮ್ನೆ ಕೂಡಿಸಬೇಡ, ಯಾಕಂದರೆ ಆಮ್ಲ ಬಿದ್ದ ಮೇಲೆ ನೀರು ಸ್ವಲ್ಪ ಕಡಿಮೆ ಒಡೆಯುತ್ತದೆ. ನೀರು ಒಡೆದಾಗ ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಸಮವಾಗಿ ಬರುತ್ತವೆ, ಅದನ್ನು ಯ ಅನ್ನು. ದ್ರಾವಣದಲ್ಲಿ ಈ ಎರಡು ಅಯಾನುಗಳ ಗುಣಲಬ್ಧ 25 ಡಿಗ್ರಿಯಲ್ಲಿ ಯಾವಾಗಲೂ 10⁻¹⁴. ಯ × (ಯ + 10⁻⁸) = 10⁻¹⁴. ಬಿಡಿಸಿದರೆ ಯ = 9.5 × 10⁻⁸, ಒಟ್ಟು 1.05 × 10⁻⁷, ಪಿಎಚ್ 6.98. ಆಮ್ಲಕ್ಕೆ ಎಷ್ಟೇ ನೀರು ಸುರಿ, 7ರ ಹತ್ತಿರ ಬರುತ್ತದೆ, ದಾಟಲ್ಲ.

ಅಪ್ಪನಿಗೆ ಇದನ್ನು ಹೇಳು: ಪಿಎಚ್ ಲಾಗರಿದಮ್ ಅಳತೆ, ಒಂದು ಅಂಕ ಅಂದರೆ ಹೈಡ್ರೋಜನ್ ಅಯಾನಿನಲ್ಲಿ ಹತ್ತು ಪಟ್ಟು ವ್ಯತ್ಯಾಸ.

ಮಾನ್ವಿ ರೈತ:
ಜಿಪ್ಸಂ ಆಮ್ಲ ಅಲ್ಲ ತಮ್ಮಾ, ಕ್ಯಾಲ್ಸಿಯಂ ಸಲ್ಫೇಟ್ ಅನ್ನೋ ಲವಣ. ನಿಮ್ಮಂಥ ಸವಳು, ಅಂದರೆ ಕ್ಷಾರ, ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿರುತ್ತದೆ, ಕ್ಯಾಲ್ಸಿಯಂ ಬಂದು ಅದರ ಜಾಗ ಹಿಡಿಯುತ್ತದೆ, ಬಿಟ್ಟುಹೋದ ಸೋಡಿಯಂ ನೀರಲ್ಲಿ ಕರಗುತ್ತದೆ. ಆ ನೀರು ಹೊಲದಿಂದ ಆಚೆ ಹೋಗಬೇಕು. ನಾನು ಮೊದಲ ವರ್ಷ ಬಸಿಗಾಲುವೆ ತೆಗೆಯದೆ ಜಿಪ್ಸಂ ಚೆಲ್ಲಿದೆ, ಏನೂ ಪ್ರಯೋಜನ ಆಗಲಿಲ್ಲ. ಮೊದಲು ಕಾಲುವೆ ತೆಗೆಸಿ.

ಸಿಂಧನೂರು ಪಿಯು:
ಹತ್ತು ಪಟ್ಟು ಅಂದ ತಕ್ಷಣ ಅಪ್ಪ ಎದ್ದು ಕೂತರು! ಕಾಲುವೆ ಮಾತೂ ಹೇಳಿದೆ. ಅದೇ ದಾರಿಯಲ್ಲಿ 10⁻⁷ ಮೋಲಾರ್ ಆಮ್ಲಕ್ಕೆ ಮಾಡಿದೆ, 6.79 ಬಂತು. ಸರಿನಾ?

ಗಂಗಾವತಿ ಕೆಮಿಸ್ಟ್ರಿ:
ಸರಿ. ಸುಮ್ನೆ ಕೂಡಿಸಿದ್ದರೆ 6.70 ಬರುತ್ತಿತ್ತು.